ಓವರ್‌ಕ್ಲಾಕಿಂಗ್‌ಗೆ ಮದರ್‌ಬೋರ್ಡು ಮತ್ತು ಮೆಮೊರಿ: ಹಣವನ್ನು ಯಾವುದಕ್ಕೆ ಹಾಕಬೇಕು?

ಭೀಮಾತೀರ

ಎಲ್ಲರಿಗೂ ನಮಸ್ಕಾರ. ಎಎಂಡಿ ಕಂಪನಿಯ ರೈಜೆನ್ 7 9700ಎಕ್ಸ್ ಪ್ರೊಸೆಸರನ್ನು ಈಗಾಗಲೇ ಕೊಂಡಿದ್ದೇನೆ. ಅದಕ್ಕೆ ಹೊಂದುವ ಮದರ್‌ಬೋರ್ಡು ಮತ್ತು ಮೆಮೊರಿಯ ಆಯ್ಕೆ ಇನ್ನೂ ಬಾಕಿ ಇದೆ. ಹಗಲಿನಲ್ಲಿ ದೊಡ್ಡ ಸಿ++ ಯೋಜನೆಗಳನ್ನು ಕಂಪೈಲ್ ಮಾಡುವುದು, ರಾತ್ರಿ ಒಂದಿಷ್ಟು ಹೊತ್ತು ಆಟವಾಡುವುದು, ಇವೆರಡೇ ಈ ಯಂತ್ರದ ಕೆಲಸ.

ಅಂಗಡಿಯವರು ಎರಡು ಪಟ್ಟಿಗಳನ್ನು ಕೊಟ್ಟಿದ್ದಾರೆ. ಮೊದಲನೆಯದರಲ್ಲಿ ಎಕ್ಸ್870ಇ ಚಿಪ್‌ಸೆಟ್ಟಿನ ದುಬಾರಿ ಬೋರ್ಡು ಮತ್ತು ಡಿಡಿಆರ್5-8000 ಸಿಎಲ್38 ಮೆಮೊರಿ ಇದೆ (ಚಿಪ್‌ಸೆಟ್ ಎಂದರೆ ಬೋರ್ಡಿನ ಮುಖ್ಯ ಸಂಪರ್ಕ ಚಿಪ್; 8000 ಮೆಮೊರಿಯ ವೇಗ; ಸಿಎಲ್ ಎಂದರೆ ಕೇಳಿದ ಮಾಹಿತಿ ಬರಲು ಹಿಡಿಯುವ ಕ್ಲಾಕುಗಳ ಸಂಖ್ಯೆ). ಎರಡನೆಯದರಲ್ಲಿ ಬಿ650 ಚಿಪ್‌ಸೆಟ್ಟಿನ ಮಧ್ಯಮ ದರ್ಜೆಯ ಬೋರ್ಡು ಮತ್ತು ಡಿಡಿಆರ್5-6000 ಸಿಎಲ್36 ಮೆಮೊರಿ ಇದೆ. ಎರಡಕ್ಕೂ ನಡುವಿನ ಬೆಲೆಯ ಅಂತರ ದುಪ್ಪಟ್ಟಿಗಿಂತ ಹೆಚ್ಚು. ಓವರ್‌ಕ್ಲಾಕ್ ಮಾಡುವ, ಎಂದರೆ ಕಂಪನಿ ನಿಗದಿ ಮಾಡಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವ, ಮನಸ್ಸಿದ್ದರೆ ಮೊದಲನೆಯದನ್ನು ಬಿಟ್ಟು ಬೇರೆ ದಾರಿಯಿಲ್ಲ ಎಂದು ಅವರು ಹೇಳುತ್ತಾರೆ. ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ: ನಾನಿರುವುದು ಕಲಬುರಗಿಯಲ್ಲಿ, ಯಂತ್ರವಿರುವ ಕೋಣೆಗೆ ಎಸಿ ಇಲ್ಲ, ಏಪ್ರಿಲ್ ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು ಹೇಗಿರುತ್ತದೆ ಎಂಬುದು ನಿಮಗೆಲ್ಲ ಗೊತ್ತಿರುವುದೇ. ಬಲ್ಲವರು ದಯವಿಟ್ಟು ಕಾರಣ ಸಹಿತ ಹೇಳಬೇಕು.

ಕಪಿಲಾ

ಅಂಗಡಿಯವರ ಮಾತು ಇಂಟೆಲ್ ಯಂತ್ರಗಳ ಮಟ್ಟಿಗೆ ಒಂದಿಷ್ಟು ನಿಜ. ನಿಮ್ಮ ಪ್ರೊಸೆಸರಿನ ಮಟ್ಟಿಗೆ ಅದು ನಿಲ್ಲುವುದಿಲ್ಲ. ಏಕೆಂಬುದನ್ನು ಲೆಕ್ಕದ ಸಮೇತ ಹೇಳುತ್ತೇನೆ.

9700ಎಕ್ಸ್‌ನ ಎಂಟೂ ಕೋರ್‌ಗಳು ಒಂದೇ ಚಿಪ್ಲೆಟ್ಟಿನಲ್ಲಿವೆ (ಪ್ರೊಸೆಸರಿನೊಳಗಿನ ಪ್ರತ್ಯೇಕ ಸಿಲಿಕಾನ್ ತುಂಡು), ಮೆಮೊರಿ ಕಂಟ್ರೋಲರ್ ಇರುವುದು ಪಕ್ಕದ ಐಒ ಚಿಪ್ಲೆಟ್ಟಿನಲ್ಲಿ. ಇವೆರಡನ್ನು ಬೆಸೆಯುವ ಇನ್ಫಿನಿಟಿ ಫ್ಯಾಬ್ರಿಕ್ ಪ್ರತಿ ಕ್ಲಾಕಿಗೆ ಓದುವಾಗ 32 ಬೈಟ್, ಬರೆಯುವಾಗ 16 ಬೈಟ್ ಸಾಗಿಸುತ್ತದೆ. ಫ್ಯಾಬ್ರಿಕ್ 2000 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿದ್ದರೆ ಓದುವ ವೇಗ ಸೆಕೆಂಡಿಗೆ 64 ಜಿಬಿಗೆ ನಿಂತುಬಿಡುತ್ತದೆ. ಎರಡು ಚಾನೆಲ್‌ಗಳ ಡಿಡಿಆರ್5-6000 ಕಾಗದದ ಮೇಲೆ 96 ಜಿಬಿ ಕೊಡಬಲ್ಲದು, ಡಿಡಿಆರ್5-8000 ಆದರೆ 128 ಜಿಬಿ. ಅಂದರೆ 6000ದಲ್ಲಿಯೇ ಮೆಮೊರಿಯ ಶಕ್ತಿ ಫ್ಯಾಬ್ರಿಕ್ಕಿನ ಶಕ್ತಿಯನ್ನು ಮೀರಿದೆ. ತೂಬು ಅಷ್ಟೇ ಇರುವಾಗ ಕೆರೆಯನ್ನು ಮಾತ್ರ ದೊಡ್ಡದು ಮಾಡಿದರೆ ಗದ್ದೆಗೆ ಹೆಚ್ಚು ನೀರು ಬರುವುದಿಲ್ಲ. ಫ್ಯಾಬ್ರಿಕ್ಕನ್ನು 2133ಕ್ಕೆ ಏರಿಸಿದರೂ, ಎಲ್ಲ ಚಿಪ್‌ಗಳಿಗೂ ಅದು ಸಾಧ್ಯವಾಗುವುದಿಲ್ಲವಾದರೂ, ಸಿಗುವುದು 68 ಜಿಬಿ ಮಾತ್ರ.

ಎರಡನೆಯ ಕಾರಣ ಕಂಟ್ರೋಲರಿನ ಅನುಪಾತ. 6000ದವರೆಗೆ, ಒಳ್ಳೆಯ ಚಿಪ್ ಸಿಕ್ಕರೆ 6200 ಅಥವಾ 6400ರವರೆಗೆ, ಮೆಮೊರಿ ಮತ್ತು ಕಂಟ್ರೋಲರ್ ಒಂದಕ್ಕೊಂದು ಸಮವಾಗಿ ಓಡುತ್ತವೆ. ಅದನ್ನು ದಾಟಿದರೆ ಕಂಟ್ರೋಲರ್ ಅರ್ಧ ವೇಗಕ್ಕೆ ಇಳಿಯಬೇಕಾಗುತ್ತದೆ. 6000ದಲ್ಲಿ 3000 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿದ್ದ ಕಂಟ್ರೋಲರ್ 8000ದಲ್ಲಿ 2000 ಮೆಗಾಹರ್ಟ್ಸ್‌ಗೆ ಬರುತ್ತದೆ. ಆ ನಷ್ಟವನ್ನು ಮೆಮೊರಿಯ ವೇಗ ತುಂಬಿಕೊಡುವಷ್ಟರಲ್ಲಿ ನೀವು ಹೊರಟಲ್ಲಿಗೇ ಬಂದು ನಿಂತಿರುತ್ತೀರಿ. ರೈಜೆನ್ 7000 ಸರಣಿ ಬಂದಾಗ ಡಿಡಿಆರ್5-6000 ಅನ್ನೇ ಎಎಂಡಿ ತಾನಾಗಿ ಸೂಕ್ತ ಬಿಂದುವೆಂದು ಹೇಳಿದ್ದಕ್ಕೆ ಇದೇ ಹಿನ್ನೆಲೆ. 9000 ಸರಣಿಯಲ್ಲಿಯೂ ಐಒ ಚಿಪ್ಲೆಟ್ ಅದೇ ಇರುವುದರಿಂದ ಮಾತು ಬದಲಾಗಿಲ್ಲ.

ಹಾಗೆಂದು ಅವರ ಎರಡನೆಯ ಪಟ್ಟಿಯೂ ನನಗೆ ಸರಿಕಾಣುವುದಿಲ್ಲ. ಬೋರ್ಡು ಅದೇ ಇರಲಿ, ಮೆಮೊರಿಯನ್ನು ಸಿಎಲ್36ರ ಬದಲು ಸಿಎಲ್30ಕ್ಕೆ ಬದಲಿಸಿಕೊಳ್ಳಿ.

ಹಳೇ ಸೆಲೆರಾನ್

ಕಪಿಲಾ ಅವರ ಲೆಕ್ಕಕ್ಕೆ ತಕರಾರಿಲ್ಲ. ಆದರೆ ಓವರ್‌ಕ್ಲಾಕಿಂಗ್ ಎಂದ ಕೂಡಲೇ ಬೋರ್ಡಿಗೆ ಹಣ ಸುರಿಯಬೇಕೆಂಬ ನಂಬಿಕೆ ಎಲ್ಲಿಂದ ಬಂತು ಎಂಬುದನ್ನು ಹೊಸಬರು ತಿಳಿದುಕೊಂಡರೆ ಒಳ್ಳೆಯದು, ಏಕೆಂದರೆ ಒಂದು ಕಾಲಕ್ಕೆ ಅದು ಅಕ್ಷರಶಃ ನಿಜವಾಗಿತ್ತು.

1998ರಲ್ಲಿ ಬಂದ ಸೆಲೆರಾನ್ 300ಎ ಪ್ರೊಸೆಸರಿನ ಗುಣಕ (ಬಸ್ಸಿನ ವೇಗವನ್ನು ಗುಣಿಸಿ ಪ್ರೊಸೆಸರಿನ ವೇಗ ಕೊಡುವ ಸಂಖ್ಯೆ; ಬಸ್ ಎಂದರೆ ಪ್ರೊಸೆಸರನ್ನು ಬೋರ್ಡಿಗೆ ಜೋಡಿಸುವ ದಾರಿ) 4.5ಕ್ಕೆ ಬೀಗ ಹಾಕಿಕೊಂಡಿತ್ತು. 66 ಮೆಗಾಹರ್ಟ್ಸ್ ಬಸ್ಸಿನ ಮೇಲೆ ಅದು 300 ಮೆಗಾಹರ್ಟ್ಸ್ ಕೊಡುತ್ತಿತ್ತು. ಇಂಟೆಲ್ 440ಬಿಎಕ್ಸ್ ಚಿಪ್‌ಸೆಟ್ಟಿನ ಬೋರ್ಡಿನಲ್ಲಿ ಕೂರಿಸಿ ಬಸ್ಸನ್ನು 100ಕ್ಕೆ ಏರಿಸಿದರೆ ಅದೇ ಚಿಪ್ 450 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು. ಆಬಿಟ್ ಕಂಪನಿಯ ಬಿಎಚ್6 ಬೋರ್ಡು ಆ ದಿನಗಳಲ್ಲಿ ಹೆಸರು ಮಾಡಿದ್ದು, ಜಂಪರ್ ಕೀಳುವ ಗೋಜಿಲ್ಲದೆ ಬಸ್ಸಿನ ವೇಗವನ್ನೂ ವೋಲ್ಟೇಜನ್ನೂ ಬಯಾಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಪುಟದಿಂದಲೇ ಬದಲಿಸಲು ಅವಕಾಶ ಕೊಟ್ಟಿದ್ದರಿಂದ. ಬಸ್ಸನ್ನು ಏರಿಸಿದ ಕೂಡಲೇ ಮೆಮೊರಿಯೂ ಜೊತೆಗೆ 100ಕ್ಕೆ ಏರುತ್ತಿದ್ದುದರಿಂದ ಪಿಸಿ100 ಗುಣಮಟ್ಟದ ರ್ಯಾಮ್ ಇಲ್ಲದವನಿಗೆ ಆ 450 ದಕ್ಕುತ್ತಿರಲಿಲ್ಲ. ಬೋರ್ಡು, ಮೆಮೊರಿ, ಪ್ರೊಸೆಸರ್ ಮೂರೂ ಒಂದೇ ಹಗ್ಗದಲ್ಲಿ ಕಟ್ಟಿದ್ದವು.

ಆ ಹಗ್ಗವನ್ನು ಕತ್ತರಿಸಿದ್ದು 2011ರ ಸ್ಯಾಂಡಿ ಬ್ರಿಡ್ಜ್. ಕ್ಲಾಕ್ ಜನರೇಟರನ್ನು ಚಿಪ್‌ಸೆಟ್ಟಿನೊಳಕ್ಕೆ ಸೇರಿಸಿ ಎಲ್ಲವನ್ನೂ ಒಂದೇ 100 ಮೆಗಾಹರ್ಟ್ಸ್ ಮೂಲಕ್ಕೆ ಜೋಡಿಸಿದ್ದರಿಂದ ಬೇಸ್ ಕ್ಲಾಕನ್ನು ಕೆಲವೇ ಶೇಕಡಾ ಏರಿಸಿದರೂ ಯಂತ್ರ ತಡವರಿಸತೊಡಗಿತು. ಗುಣಕ ತೆರೆದಿರುವ ಕೆ ಸರಣಿಯ ಪ್ರೊಸೆಸರ್, ಅದಕ್ಕೆ ಅನುಮತಿ ಕೊಡುವ ಪಿ ಅಥವಾ ಝಡ್ ಚಿಪ್‌ಸೆಟ್, ಇವೆರಡನ್ನೂ ಕೊಂಡವನಿಗೆ ಮಾತ್ರ ಓವರ್‌ಕ್ಲಾಕಿಂಗ್ ಎಂದಾಯಿತು. ಅಗ್ಗದ ಚಿಪ್ಪಿನಿಂದ ದುಬಾರಿ ಚಿಪ್ಪಿನ ಕೆಲಸ ತೆಗೆಯುವ ವಿದ್ಯೆ ಹೀಗೆ ಸ್ವತಃ ದುಬಾರಿ ಸರಕಾಯಿತು ಎಂಬ ನನ್ನ ಹಳೆಯ ಸಿಟ್ಟು ಇಲ್ಲಿ ಅಪ್ರಸ್ತುತ. ಆದರೆ ಎಕ್ಸ್870ಇ ಎಂಬ ಅಕ್ಷರಗಳನ್ನು ತೋರಿಸಿ ಬೆಲೆ ಹೇಳುವವರ ಮನಸ್ಸಿನಲ್ಲಿ ಇಂದಿಗೂ ಇರುವುದು ಆ ಹಳೆಯ ಲೆಕ್ಕವೇ.

ಜೋಗದ ಸಿರಿ

ನನ್ನದು ಇಂಟೆಲ್ ಪಕ್ಷ; ಆದ್ದರಿಂದ ಇನ್ನೊಂದು ಬದಿಯನ್ನು ಹೇಳುವುದು ನನ್ನ ಪಾಲಿಗೆ ಬಂದಿದೆ. ಬೋರ್ಡಿಗೆ ಹೆಚ್ಚು ಕೊಡುವುದು ವ್ಯರ್ಥ ಎಂಬ ತೀರ್ಮಾನವನ್ನು ಎಲ್ಲ ಕಡೆಗೂ ಹಚ್ಚಬಾರದು. 13 ಮತ್ತು 14ನೇ ತಲೆಮಾರಿನ ಕೋರ್ ಪ್ರೊಸೆಸರುಗಳಲ್ಲಿ ಕೋರ್‌ಗಳೂ ಮೆಮೊರಿ ಕಂಟ್ರೋಲರೂ ಒಂದೇ ಸಿಲಿಕಾನ್ ತುಂಡಿನಲ್ಲಿವೆ, ನಡುವೆ ಫ್ಯಾಬ್ರಿಕ್ಕಿನ ಅಂಥ ಇಕ್ಕಟ್ಟಿಲ್ಲ. ಅಲ್ಲಿ ಮೆಮೊರಿಯನ್ನು 7200ರಿಂದ 8000ಕ್ಕೆ ಒಯ್ದರೆ ಫಲ ಕಣ್ಣಿಗೆ ಕಾಣುತ್ತದೆ.

ಆ ಎತ್ತರದಲ್ಲಿ ಬೋರ್ಡಿನ ತಾಮ್ರದ ದಾರಿಗಳೇ ನಿರ್ಣಾಯಕವಾಗುತ್ತವೆ. ನಾಲ್ಕು ಸ್ಲಾಟುಗಳ ಬೋರ್ಡಿನಲ್ಲಿ ಎರಡೇ ಮೆಮೊರಿ ಕಡ್ಡಿ ಹಾಕಿದರೂ ಖಾಲಿ ಉಳಿದ ಸ್ಲಾಟಿನ ತುಂಡು ತಂತಿ ಸಂಕೇತವನ್ನು ಪ್ರತಿಫಲಿಸಿ ಕದಡುತ್ತದೆ. ಚಾನೆಲಿಗೆ ಒಂದೇ ಸ್ಲಾಟ್ ಇರುವ ಬೋರ್ಡುಗಳಲ್ಲಿ, ಉದಾಹರಣೆಗೆ ಆಸುಸ್‌ನ ಝಡ್790 ಏಪೆಕ್ಸ್ ಅಥವಾ ಗಿಗಾಬೈಟ್‌ನ ಝಡ್790 ಟ್ಯಾಕಿಯಾನ್‌ನಲ್ಲಿ, ಈ ತೊಂದರೆಯೇ ಇಲ್ಲ. ದಾಖಲೆ ಮಾಡಲು ಹೊರಟವರು ಎರಡು ಸ್ಲಾಟಿನ ಬೋರ್ಡುಗಳನ್ನೇ ಹುಡುಕುವುದಕ್ಕೆ ಇದು ಕಾರಣ. 2024ರ ಅಕ್ಟೋಬರಿನಲ್ಲಿ ಬಂದ ಝಡ್890 ಬೋರ್ಡುಗಳಲ್ಲಿ ಸಿಯುಡಿಮ್ ಎಂಬ ಹೊಸ ಬಗೆಯ ಕಡ್ಡಿಗಳು ಓಡುತ್ತವೆ. ಕಡ್ಡಿಯ ಮೇಲೆಯೇ ಇರುವ ಪುಟ್ಟ ಚಿಪ್ಪೊಂದು ಕ್ಲಾಕ್ ಸಂಕೇತವನ್ನು ಮರಳಿ ಚೊಕ್ಕಟಗೊಳಿಸಿ ಮುಂದಕ್ಕೆ ಕಳಿಸುವುದರಿಂದ 8000ದ ಮೇಲಿನ ವೇಗಗಳು ಮೊದಲಿಗಿಂತ ಸುಲಭವಾಗಿವೆ. 2025ರಲ್ಲಿ ಇಂಟೆಲ್ ಪ್ರಕಟಿಸಿದ 200ಎಸ್ ಬೂಸ್ಟ್ ವ್ಯವಸ್ಥೆಯಲ್ಲಂತೂ ಚಾನೆಲಿಗೆ ಒಂದೇ ಕಡ್ಡಿ ಎಂಬ ಷರತ್ತಿನ ಮೇಲೆ 8000ದವರೆಗೆ ವಾರಂಟಿಯೂ ಉಳಿಯುತ್ತದೆ.

ಒಂದು ಎಚ್ಚರಿಕೆ: ಇಂಟೆಲ್‌ನಲ್ಲಿ ಬಿ760 ಬೋರ್ಡು ಮೆಮೊರಿಯ ವೇಗವನ್ನು ಏರಿಸಲು ಬಿಡುತ್ತದೆ, ಪ್ರೊಸೆಸರಿನ ಗುಣಕವನ್ನು ಮುಟ್ಟಲು ಬಿಡುವುದಿಲ್ಲ. ಎಚ್610 ಎರಡಕ್ಕೂ ಬಿಡುವುದಿಲ್ಲ. ಕೆ ಅಕ್ಷರವಿಲ್ಲದ ಪ್ರೊಸೆಸರುಗಳಲ್ಲಿ ಸಿಸ್ಟಮ್ ಏಜೆಂಟ್ (ಮೆಮೊರಿ ಕಂಟ್ರೋಲರ್ ಇರುವ ಭಾಗ) ವೋಲ್ಟೇಜಿಗೂ ಬೀಗವಿರುವುದರಿಂದ ಬೋರ್ಡು ಎಷ್ಟೇ ಒಳ್ಳೆಯದಾದರೂ ಮೆಮೊರಿ ಒಂದು ಹಂತದಲ್ಲಿ ಕಾಲೂರಿ ನಿಲ್ಲುತ್ತದೆ. 13 ಮತ್ತು 14ನೇ ತಲೆಮಾರಿನ ಚಿಪ್ ಇಟ್ಟುಕೊಂಡವರು ಬೇರೆ ಯಾವುದನ್ನು ಮಾಡುವುದಕ್ಕೂ ಮೊದಲು ಬಯಾಸನ್ನು ಹೊಸದಕ್ಕೆ ಏರಿಸಿಕೊಳ್ಳಬೇಕು. ಅತಿಯಾದ ವೋಲ್ಟೇಜಿನಿಂದ ಚಿಪ್‌ಗಳು ಹದಗೆಡುತ್ತಿದ್ದುದಕ್ಕೆ ಪರಿಹಾರವಾಗಿ 2024ರ ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ ಬಂದ ಮೈಕ್ರೋಕೋಡ್ ಅದರಲ್ಲಿದೆ.

ಭೀಮಾತೀರ

ಮೂವರಿಗೂ ಧನ್ಯವಾದ. ಹಾಗಾದರೆ ನನ್ನ ಪ್ರೊಸೆಸರಿಗೆ ಬಿ650 ಬೋರ್ಡೇ ಸಾಕು ಎಂದಿಟ್ಟುಕೊಳ್ಳೋಣ. ಆ ಚಿಪ್‌ಸೆಟ್ಟಿನಲ್ಲಿಯೇ ಹತ್ತಾರು ಮಾದರಿಗಳಿವೆ, ಅಗ್ಗದ್ದಕ್ಕೂ ದುಬಾರಿಯದಕ್ಕೂ ಬೆಲೆಯಲ್ಲಿ ಅಜಗಜಾಂತರವಿದೆ. ಅಂಗಡಿಯವರು ವಿಆರ್‌ಎಂ (ಪ್ರೊಸೆಸರಿಗೆ ತಕ್ಕ ವೋಲ್ಟೇಜಿನ ವಿದ್ಯುತ್ ಕೊಡುವ ಬೋರ್ಡಿನ ಭಾಗ) ಫೇಸ್‌ಗಳ, ಎಂದರೆ ಆ ಕೆಲಸ ಹಂಚಿಕೊಳ್ಳುವ ಸಾಲುಗಳ, ಸಂಖ್ಯೆಯನ್ನೇ ಒತ್ತಿ ಹೇಳುತ್ತಾರೆ. ಅದನ್ನೇ ಅಳತೆಗೋಲಾಗಿ ಹಿಡಿಯಬಹುದೇ?

ಕಪಿಲಾ

ಫೇಸ್‌ಗಳ ಸಂಖ್ಯೆ ಅರ್ಧ ಸತ್ಯ. 9700ಎಕ್ಸ್‌ನ ವಿದ್ಯುತ್ ಮಿತಿ ಮೂಲದಲ್ಲಿ 88 ವಾಟ್. ಬಯಾಸ್‌ನಲ್ಲಿ 105 ವಾಟ್ ಟಿಡಿಪಿಯ ಆಯ್ಕೆಯನ್ನು ಹಚ್ಚಿದರೆ 142 ವಾಟ್ ಆಗುತ್ತದೆ. 142 ವಾಟನ್ನು ಸುಮಾರು 1.2 ವೋಲ್ಟಿನಿಂದ ಭಾಗಿಸಿದರೆ 120 ಆಂಪಿಯರ್‌ಗಿಂತ ತುಸು ಕಡಿಮೆ. ಕ್ಷಣಮಾತ್ರದ ಏರಿಕೆಗಳಿಗೆಂದು ಇನ್ನಷ್ಟು ಸೇರಿಸಿ 170 ಆಂಪಿಯರ್ ಎನ್ನೋಣ. ತಲಾ 60 ಆಂಪಿಯರ್‌ನ ಎಂಟು ಪವರ್ ಸ್ಟೇಜ್‌ಗಳಿರುವ ಬೋರ್ಡು 480 ಆಂಪಿಯರ್ ತಾಳಬಲ್ಲದು. ಹದಿನಾರು ಅಥವಾ ಹದಿನೆಂಟು ಫೇಸ್‌ಗಳ ಬೋರ್ಡು ಕೊಂಡರೆ ಪ್ರೊಸೆಸರ್ ಒಂದು ಮೆಗಾಹರ್ಟ್ಸ್ ಕೂಡ ಹೆಚ್ಚು ಓಡುವುದಿಲ್ಲ. ಹೆಚ್ಚು ಬೇಕಾಗುವುದು 230 ವಾಟ್ ಎಳೆಯುವ ಹದಿನಾರು ಕೋರ್‌ನ ಚಿಪ್‌ಗಳಿಗೆ. ನಿಮ್ಮ ಊರಿನ ಬೇಸಿಗೆಯನ್ನು ನೆನೆದು ನಾನು ಹೇಳುವುದಿಷ್ಟೇ: ವಿಆರ್‌ಎಂ ಮೇಲೆ ತೂಕವಿರುವ, ಗಾಳಿ ಹರಿದುಹೋಗಲು ಸೀಳುಗಳಿರುವ ಅಲ್ಯೂಮಿನಿಯಂ ಹೀಟ್‌ಸಿಂಕ್ ಇರಲಿ. ಬರಿಯ ತಗಡಿನ ಅಲಂಕಾರ ಬೇಡ.

ಚಿಪ್‌ಸೆಟ್ಟಿನ ವಿಷಯವನ್ನೂ ಬಿಡಿಸಿ ಹೇಳುತ್ತೇನೆ. ಬಿ650, ಬಿ850, ಎಕ್ಸ್870 ಮೂರರಲ್ಲಿಯೂ ಇರುವುದು ಅದೇ ಒಂದು ಚಿಪ್. ಎಕ್ಸ್670ಇ ಮತ್ತು ಎಕ್ಸ್870ಇಯಲ್ಲಿ ಅಂಥವು ಎರಡು. ಹೆಚ್ಚುವರಿ ಹಣಕ್ಕೆ ಸಿಗುವುದು ಯುಎಸ್‌ಬಿ4, ಹೆಚ್ಚು ಎಂ.2 ಸ್ಲಾಟ್, ಹೆಚ್ಚು ಪಿಸಿಐಇ ದಾರಿಗಳು. ಮೆಮೊರಿಯ ತಂತಿಗಳು ಪ್ರೊಸೆಸರಿಗೇ ನೇರವಾಗಿ ಹೋಗುತ್ತವೆ, ಚಿಪ್‌ಸೆಟ್ಟಿಗೂ ಅವಕ್ಕೂ ಸಂಬಂಧವೇ ಇಲ್ಲ. ತಪ್ಪಿಸಬೇಕಾದವು ಎ620 ಮತ್ತು ಬಿ840, ಏಕೆಂದರೆ ಅವು ಪ್ರೊಸೆಸರಿನ ಓವರ್‌ಕ್ಲಾಕಿಂಗ್‌ಗೆ ಅವಕಾಶ ಕೊಡುವುದಿಲ್ಲ.

ಹಾಗಾದರೆ ಬಿ650ರೊಳಗೆ ನೋಡಬೇಕಾದದ್ದು ಏನು? ನಾನು ಮೊದಲು ನೋಡುವುದು ಹಿಂಬದಿಯ ಫಲಕವನ್ನು. ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಬಯಾಸ್ ಬರೆಯುವ ಫ್ಲ್ಯಾಶ್‌ಬ್ಯಾಕ್ ಗುಂಡಿ ಇರಬೇಕು. ಸಿಮಾಸ್ (ಬಯಾಸ್ ಸೆಟ್ಟಿಂಗುಗಳ ಸಂಗ್ರಹ) ಅಳಿಸುವ ಗುಂಡಿಯೂ ಅಲ್ಲಿಯೇ ಇದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಮೆಮೊರಿಯ ಟೈಮಿಂಗ್ (ಸಿಎಲ್‌ನಂಥ ಸಂಖ್ಯೆಗಳು) ಹದ ಮಾಡುವವರಿಗೆ ಅದರ ಕೆಲಸ ಮೇಲಿಂದ ಮೇಲೆ ಬೀಳುತ್ತದೆ. ಗ್ರಾಫಿಕ್ಸ್ ಕಾರ್ಡಿನ ಕೆಳಗೆ ಅಡಗಿರುವ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರಿನಿಂದ ಮುಟ್ಟಿಸುತ್ತ ಕೂರುವ ಸಹನೆ ಎಲ್ಲರಿಗೂ ಇರುವುದಿಲ್ಲ. ದೋಷದ ಸಂಖ್ಯೆಯನ್ನು ತೋರಿಸುವ ಎರಡಂಕಿಯ ಪುಟ್ಟ ಪರದೆ ಇದ್ದರೆ ಅದೃಷ್ಟ, ಇಲ್ಲವಾದರೆ ಸಿಪಿಯು, ಡಿರ್ಯಾಮ್, ವಿಜಿಎ, ಬೂಟ್ ಎಂಬ ನಾಲ್ಕು ದೀಪಗಳಾದರೂ ಇರಲಿ. ಆಮೇಲೆ ಪಿಸಿಬಿಯ (ತಾಮ್ರದ ದಾರಿಗಳಿರುವ ಹಲಗೆ) ಪದರಗಳನ್ನು ನೋಡಿ. ಆರಕ್ಕಿಂತ ಎಂಟು ಪದರಗಳ ಬೋರ್ಡಿನಲ್ಲಿ ಮೆಮೊರಿಯ ದಾರಿಗಳಿಗೆ ಹೆಚ್ಚು ರಕ್ಷಣೆ ಸಿಗುತ್ತದೆ. 6000ಕ್ಕೆ ಆರು ಪದರವೂ ನಡೆಯುತ್ತದೆ. 6400ರ ಆಸೆಯಿದ್ದರೆ ಎಂಟು ಇರಲಿ. ಕೊನೆಯದಾಗಿ, ಆ ಮಾದರಿಗೆ ತಯಾರಕರು ಬಯಾಸ್ ಹೊಸದು ಮಾಡುತ್ತಲೇ ಇದ್ದಾರೆಯೇ ಎಂದು ಅವರ ಜಾಲತಾಣದಲ್ಲಿ ದಿನಾಂಕಗಳನ್ನು ನೋಡಿ. ಎಎಂ5 (ನಿಮ್ಮ ಪ್ರೊಸೆಸರ್ ಕೂರುವ ಸಾಕೆಟ್) ಬೋರ್ಡುಗಳ ಮೆಮೊರಿ ಸ್ಥಿರತೆ 2022ರ ಸೆಪ್ಟೆಂಬರಿನಿಂದ ಇಲ್ಲಿಯವರೆಗೆ ಸುಧಾರಿಸಿದ್ದು ಬಹುಪಾಲು ಬಯಾಸ್‌ನಿಂದಲೇ.

ಪೇಟೆಬೀದಿ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹೆಚ್ಚು ಓಡಾಡುವವನಾಗಿ ಮೆಮೊರಿಯ ಬಗ್ಗೆ ನಾಲ್ಕು ಮಾತು ಸೇರಿಸುತ್ತೇನೆ. ಪೆಟ್ಟಿಗೆಯ ಮೇಲಿನ ಕಂಪನಿಯ ಹೆಸರು ಜಿ.ಸ್ಕಿಲ್ ಇರಲಿ, ಕೋರ್ಸೇರ್ ಇರಲಿ, ಕಿಂಗ್‌ಸ್ಟನ್ ಇರಲಿ, ಒಳಗಿನ ಚಿಪ್‌ಗಳನ್ನು ಮಾಡುವವರು ಮುಖ್ಯವಾಗಿ ಮೂರೇ ಮಂದಿ: ಎಸ್‌ಕೆ ಹೈನಿಕ್ಸ್, ಸ್ಯಾಮ್‌ಸಂಗ್, ಮೈಕ್ರಾನ್. ಓವರ್‌ಕ್ಲಾಕ್ ಮಾಡುವವನು ಕೊಳ್ಳಬೇಕಾದದ್ದು ಚಿಪ್ಪನ್ನು, ಅದರ ಮೇಲಿನ ಬಣ್ಣದ ದೀಪವನ್ನಲ್ಲ. ಡಿಡಿಆರ್5ರಲ್ಲಿ ಹೈನಿಕ್ಸ್‌ನ 16 ಗಿಗಾಬಿಟ್ ಎ-ಡೈ ಮತ್ತು ಎಂ-ಡೈ (ಚಿಪ್ಪಿನ ತಳಿಗಳು) ಮುಂದಿವೆ, 24 ಜಿಬಿ ಕಡ್ಡಿಗಳಲ್ಲಿ ಬರುವ 24 ಗಿಗಾಬಿಟ್ ಎಂ-ಡೈ ಕೂಡ ಚೆನ್ನಾಗಿಯೇ ಇದೆ.

ಕಡ್ಡಿಯನ್ನು ಕಳಚದೆ ಗುರುತಿಸುವ ಬಗೆ ಹೀಗೆ. ಜಿ.ಸ್ಕಿಲ್ ಕಡ್ಡಿಯ ಸ್ಟಿಕ್ಕರಿನಲ್ಲಿ 042ರಿಂದ ಶುರುವಾಗುವ ಸಣ್ಣ ಅಕ್ಷರದ ಸಾಲೊಂದಿರುತ್ತದೆ. ಅದರ ತುದಿ 820ಎ ಎಂದಿದ್ದರೆ ಹೈನಿಕ್ಸ್ ಎ-ಡೈ, 820ಎಂ ಎಂದಿದ್ದರೆ ಹೈನಿಕ್ಸ್ ಎಂ-ಡೈ. ಕೋರ್ಸೇರ್ ಕಡ್ಡಿಗಳ ಮೇಲೆ ವರ್ಷನ್ ಸಂಖ್ಯೆ ಇರುತ್ತದೆ. ಅದು 5ರಿಂದ ಶುರುವಾದರೆ ಹೈನಿಕ್ಸ್, 4 ಆದರೆ ಸ್ಯಾಮ್‌ಸಂಗ್, 3 ಆದರೆ ಮೈಕ್ರಾನ್. ಸ್ಟಿಕ್ಕರ್ ನೋಡಲು ಬಿಡದ ಅಂಗಡಿಯಲ್ಲಿ ಟೈಮಿಂಗ್ ನೋಡಿ: 6000 ವೇಗಕ್ಕೆ 1.35 ವೋಲ್ಟಿನಲ್ಲಿ 30-36-36 ಅಥವಾ 30-38-38 ಎಂದು ಬರೆದಿದ್ದರೆ ಅದು ಹೈನಿಕ್ಸ್ ಆಗಿರುವ ಸಾಧ್ಯತೆ ಬಹಳ ಹೆಚ್ಚು. ಮೊದಲ ಸಂಖ್ಯೆ 40 ಎಂದಿದ್ದರೆ ಅನುಮಾನಿಸಿ.

ಸಿಎಲ್ ಸಂಖ್ಯೆಯನ್ನು ವೇಗದ ಜೊತೆಗಿಟ್ಟೇ ಓದಬೇಕು. ಸಿಎಲ್ ಅನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ನ್ಯಾನೋಸೆಕೆಂಡ್ ಬರುತ್ತದೆ. 6000 ಸಿಎಲ್30 ಎಂದರೆ 10 ನ್ಯಾನೋಸೆಕೆಂಡ್, ನಿಮಗೆ ಹೇಳಿದ 6000 ಸಿಎಲ್36 ಎಂದರೆ 12. ಹಳೆಯ ಡಿಡಿಆರ್4-3200 ಸಿಎಲ್16 ಕೂಡ ಅದೇ 10. ಆ ದುಬಾರಿ 8000 ಸಿಎಲ್38ರದು 9.5.

ಬಿಲ್ಲಿನ ಮೇಲೆ ಕಡ್ಡಿಗಳ ಸೀರಿಯಲ್ ಸಂಖ್ಯೆ ಬರೆಸಿಕೊಳ್ಳುವುದನ್ನು ಮರೆಯಬೇಡಿ. ಬಿಲ್ ಬೇಡವೆಂದರೆ 18 ಶೇಕಡಾ ಜಿಎಸ್‌ಟಿ ಉಳಿಯುತ್ತದೆ ಎಂಬ ಮಾತಿಗೆ ಕಿವಿಗೊಟ್ಟವರು ಆಮೇಲೆ ವಾರಂಟಿಗೆ ಅಲೆದಾಡಿದ್ದನ್ನು ಬೇಕಾದಷ್ಟು ಕಂಡಿದ್ದೇನೆ. 2025ರ ಕೊನೆಯಿಂದ ಮೆಮೊರಿಯ ಬೆಲೆ ಏರಿರುವ ಪರಿಯನ್ನು ನೋಡಿದರೆ ಈಗಂತೂ ಕೆಟ್ಟ ಕಡ್ಡಿಯನ್ನು ಇನ್ನೊಮ್ಮೆ ಕೊಳ್ಳುವುದು ಯಾರಿಗೂ ಸುಲಭವಲ್ಲ.

ಮಲೆನಾಡ ನೋಡ್

ನಡುವೆ ಬಾಯಿ ಹಾಕುವುದಕ್ಕೆ ಕ್ಷಮೆಯಿರಲಿ. ನನಗೆ ವರ್ಚುವಲ್ ಯಂತ್ರಗಳನ್ನು ಓಡಿಸಲು 128 ಜಿಬಿ ಬೇಕು, ಇದೇ ಎಎಂ5 ವೇದಿಕೆಯಲ್ಲಿ. 32 ಜಿಬಿಯ ನಾಲ್ಕು ಕಡ್ಡಿಗಳನ್ನು ಹಾಕಿ 6000ದಲ್ಲಿ ಓಡಿಸಬಹುದೇ? ಎರಡು ಕಿಟ್‌ಗಳೂ ಒಂದೇ ಮಾದರಿಯವು.

ಕಪಿಲಾ

ಓಡಿದರೆ ಅದೃಷ್ಟ, ಓಡದಿದ್ದರೆ ದೂರಲು ಯಾರೂ ಸಿಗುವುದಿಲ್ಲ. ರೈಜೆನ್ 7000ಕ್ಕೆ ಎಎಂಡಿ ಅಧಿಕೃತವಾಗಿ ಹೇಳುವ ವೇಗ ಎರಡು ಕಡ್ಡಿಗೆ 5200, ನಾಲ್ಕು ಕಡ್ಡಿಗೆ 3600. ಬಯಾಸ್ ಸುಧಾರಿಸುತ್ತ ಬಂದಂತೆ ನಾಲ್ಕು ಕಡ್ಡಿಯ ಕಷ್ಟ ಕಡಿಮೆಯಾಗಿದೆಯಾದರೂ ಅದನ್ನು ಲೆಕ್ಕಕ್ಕೆ ಹಿಡಿದು ಹಣ ಹಾಕಬಾರದು. ಎಕ್ಸ್‌ಪೋ (ಕಡ್ಡಿಯಲ್ಲೇ ಬರೆದಿಟ್ಟ, ಎಎಂಡಿಗೆಂದು ಮಾಡಿದ ವೇಗದ ಸೆಟ್ಟಿಂಗು) ಪ್ರಮಾಣ ಕಿಟ್ಟಿನೊಳಗಿನ ಕಡ್ಡಿಗಳಿಗೆ ಮಾತ್ರ ಅನ್ವಯಿಸುತ್ತದೆ, ಎರಡು ಕಿಟ್ ಬೆರೆಸಿದ ಕೂಡಲೇ ಅದು ಬಿದ್ದುಹೋಗುತ್ತದೆ. 48 ಜಿಬಿಯ ಎರಡು ಕಡ್ಡಿಗಳಿಂದ 96 ಜಿಬಿ ಮಾಡಿಕೊಳ್ಳಬಹುದು. 64 ಜಿಬಿಯ ಕಡ್ಡಿಗಳೂ ಬಂದಿರುವುದರಿಂದ ಅವು ಕೈಗೆಟುಕಿದರೆ ಎರಡರಲ್ಲೇ 128 ಆಗುತ್ತದೆ. ವರ್ಚುವಲ್ ಯಂತ್ರಗಳಿಗೆ ವೇಗಕ್ಕಿಂತ ಪ್ರಮಾಣವೇ ಮುಖ್ಯವಾದ್ದರಿಂದ ನಾಲ್ಕು ಕಡ್ಡಿಯನ್ನೇ ಹಾಕುವುದಾದರೆ ಕಡಿಮೆ ವೇಗಕ್ಕೆ ಮನಸ್ಸನ್ನು ಒಗ್ಗಿಸಿಕೊಳ್ಳಿ.

ಬಿಸಿಲುಸೀಮೆ

ಭೀಮಾತೀರ ಅವರೇ, ನಾನು ರಾಯಚೂರಿನವನು. ನೀವು ಮೊದಲ ಬರಹದಲ್ಲಿ ಎತ್ತಿದ ಸೆಕೆಯ ಮಾತನ್ನು ಇಲ್ಲಿ ಯಾರೂ ಸರಿಯಾಗಿ ಕೈಗೆತ್ತಿಕೊಂಡಿಲ್ಲ. ಡಿಡಿಆರ್5 ಓವರ್‌ಕ್ಲಾಕಿಂಗ್‌ನಲ್ಲಿ ನಮ್ಮ ಕಡೆಯವರನ್ನು ಕಾಡುವುದು ಅದೇ.

ಮೆಮೊರಿಯ ಪ್ರತಿ ಬಿಟ್ಟೂ ಸೋರುವ ಕೆಪಾಸಿಟರಿನಲ್ಲಿ ಕುಳಿತಿರುವುದರಿಂದ ಆಗಾಗ ಅದನ್ನು ಮತ್ತೆ ತುಂಬಬೇಕು. ತುಂಬುವಾಗ ಓದುವುದೂ ಬರೆಯುವುದೂ ನಿಲ್ಲುತ್ತದೆ. ಎರಡು ರಿಫ್ರೆಶ್‌ಗಳ ನಡುವಿನ ಅಂತರವನ್ನು ಟಿಆರ್‌ಇಎಫ್‌ಐ, ಒಂದೊಂದು ರಿಫ್ರೆಶ್ ತಿನ್ನುವ ಸಮಯವನ್ನು ಟಿಆರ್‌ಎಫ್‌ಸಿ ಎನ್ನುತ್ತಾರೆ. 16 ಗಿಗಾಬಿಟ್ ಚಿಪ್‌ಗೆ ಮೆಮೊರಿಯ ಮಾನಕ ರೂಪಿಸುವ ಜೆಡೆಕ್ ಸಂಸ್ಥೆ ನಿಗದಿ ಮಾಡಿರುವುದು 3.9 ಮೈಕ್ರೋಸೆಕೆಂಡಿಗೊಮ್ಮೆ 295 ನ್ಯಾನೋಸೆಕೆಂಡ್. ಸರಳವಾಗಿ ಭಾಗಿಸಿದರೆ ಒಟ್ಟು ಸಮಯದ ಸುಮಾರು 7.6 ಶೇಕಡಾ ರಿಫ್ರೆಶ್‌ಗೇ ಹೋಗುತ್ತದೆ. 6000 ವೇಗದಲ್ಲಿ ಟಿಆರ್‌ಇಎಫ್‌ಐ ಸುಮಾರು 11,700 ಕ್ಲಾಕ್. ಬಯಾಸ್‌ನಲ್ಲಿ ಅದನ್ನು 65,535ರವರೆಗೆ ಏರಿಸಬಹುದು, ಎಂದರೆ ಸುಮಾರು 21.8 ಮೈಕ್ರೋಸೆಕೆಂಡ್. ಅದರ ಜೊತೆಗೆ ಟಿಆರ್‌ಎಫ್‌ಸಿಯನ್ನು 480 ಕ್ಲಾಕಿಗೆ, ಎಂದರೆ 160 ನ್ಯಾನೋಸೆಕೆಂಡಿಗೆ ಇಳಿಸಿದರೆ ರಿಫ್ರೆಶ್‌ನ ಪಾಲು ಒಂದು ಶೇಕಡಾಕ್ಕೂ ಕಡಿಮೆಯಾಗುತ್ತದೆ. ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಕಾಣದ ಈ ಎರಡು ಸಂಖ್ಯೆಗಳಿಂದ ಸಿಗುವ ಲಾಭ 6000ದಿಂದ 6400ಕ್ಕೆ ಹೋಗುವುದಕ್ಕಿಂತ ಹೆಚ್ಚೆಂಬುದು ನನ್ನ ಅನುಭವ. ಹೈನಿಕ್ಸ್ ಚಿಪ್ ಬೇಕೆನ್ನುವುದೂ ಇದಕ್ಕೇ, ಬೇರೆಯವು ಟಿಆರ್‌ಎಫ್‌ಸಿಯನ್ನು ಇಷ್ಟು ಕೆಳಗೆ ತಾಳುವುದಿಲ್ಲ.

ತೊಂದರೆ ಏನೆಂದರೆ ಬಿಸಿಯೇರಿದಂತೆ ಕೆಪಾಸಿಟರ್ ಬೇಗ ಸೋರುತ್ತದೆ. ಜನವರಿಯಲ್ಲಿ ರಾತ್ರಿಯಿಡೀ ತಪ್ಪಿಲ್ಲದೆ ಓಡಿದ ಟೈಮಿಂಗ್ ಮೇ ತಿಂಗಳ ಮಧ್ಯಾಹ್ನ ತಪ್ಪು ತೋರಿಸುತ್ತದೆ. ಡಿಡಿಆರ್5 ಕಡ್ಡಿಗಳೊಳಗೆ ತಾಪಮಾಪಕ ಇರುತ್ತದೆ, ಎಚ್‌ಡಬ್ಲ್ಯುಇನ್ಫೋ ತಂತ್ರಾಂಶದಲ್ಲಿ ಅದನ್ನು ನೋಡಬಹುದು. ಕಡ್ಡಿಯ ತಾಪ 50 ಡಿಗ್ರಿ ದಾಟಿ ಮೇಲೇರುತ್ತಿದ್ದರೆ ಟಿಆರ್‌ಇಎಫ್‌ಐಯನ್ನು ಗರಿಷ್ಠಕ್ಕೆ ಇಡಬೇಡಿ, 30,000ದ ಸುತ್ತ ಇಟ್ಟರೂ ಲಾಭದ ಬಹುಪಾಲು ಸಿಕ್ಕಿರುತ್ತದೆ. ಕಡ್ಡಿಗಳನ್ನು ಕೊಳ್ಳುವಾಗ ದೀಪಗಳಿಲ್ಲದ, ಎತ್ತರ ಕಡಿಮೆಯಿರುವವನ್ನು ಆರಿಸಿ, ಮೇಲೊಂದು ಚಿಕ್ಕ ಫ್ಯಾನ್ ಕಟ್ಟಲು ಜಾಗವಿರಲಿ. ಗ್ರಾಫಿಕ್ಸ್ ಕಾರ್ಡಿನ ಬಿಸಿಗಾಳಿ ನೇರ ಕಡ್ಡಿಗಳ ಮೇಲೆ ಬೀಳುತ್ತದೆ ಎಂಬುದೂ ಲೆಕ್ಕದಲ್ಲಿರಲಿ.

ಹಳೇ ಸೆಲೆರಾನ್

ಬಿಸಿಲುಸೀಮೆಯವರು ಹೇಳಿದ್ದಕ್ಕೆ ಇಷ್ಟು ಸೇರಿಸುತ್ತೇನೆ: ಆದ್ದರಿಂದಲೇ ಮೆಮೊರಿಯನ್ನು ಪರೀಕ್ಷಿಸುವಾಗ ಬರಿಯ ಮೆಮ್‌ಟೆಸ್ಟ್86 ತಂತ್ರಾಂಶವೊಂದನ್ನೇ ನಂಬಬಾರದು. ಅದು ಓಡುವಾಗ ಗ್ರಾಫಿಕ್ಸ್ ಕಾರ್ಡು ತಣ್ಣಗೆ ಮಲಗಿರುತ್ತದೆ. ಮೊದಲು ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಓಡಿಸಿ ಒರಟು ದೋಷಗಳನ್ನು ತೆಗೆಯಿರಿ. ವಿಂಡೋಸ್‌ಗೆ ಬಂದ ಮೇಲೆ ಟೆಸ್ಟ್‌ಮೆಮ್5 ಅಥವಾ ಕಾರ್ಹು ಓಡಿಸಿ. ಆಮೇಲೆ ವೈ-ಕ್ರಂಚರ್ ಓಡಿಸಿ, ಏಕೆಂದರೆ ಫ್ಯಾಬ್ರಿಕ್ ಮತ್ತು ಕಂಟ್ರೋಲರಿನ ತೊಂದರೆಗಳು ಅಲ್ಲಿ ಬೇಗ ಹೊರಬೀಳುತ್ತವೆ. ಕೊನೆಗೆ ಗ್ರಾಫಿಕ್ಸ್ ಕಾರ್ಡಿಗೂ ಏಕಕಾಲಕ್ಕೆ ಭಾರ ಹಾಕಿ ನೋಡಿ. ಡಿಡಿಆರ್5ರಲ್ಲಿ ಚಿಪ್ಪಿನೊಳಗೇ ದೋಷ ತಿದ್ದುವ ವ್ಯವಸ್ಥೆ ಇದೆಯಲ್ಲ ಎಂದು ಕೆಲವರು ನಿಶ್ಚಿಂತರಾಗುತ್ತಾರೆ. ಅದು ಚಿಪ್ಪಿನೊಳಗಿನ ಬಿಟ್ಟುಗಳನ್ನು ಮಾತ್ರ ಕಾಯುತ್ತದೆ, ಕಡ್ಡಿಯಿಂದ ಪ್ರೊಸೆಸರಿನವರೆಗಿನ ದಾರಿಯಲ್ಲಿ ಆಗುವ ತಪ್ಪನ್ನು ಕಾಣುವುದಿಲ್ಲ. ಕಂಪೈಲ್ ಕೆಲಸ ಮಾಡುವವರಿಗೆ ಇದು ಮುಖ್ಯ: ಕೆಟ್ಟ ಮೆಮೊರಿ ಯಂತ್ರವನ್ನು ನಿಲ್ಲಿಸದೆ ಫೈಲನ್ನು ಕೆಡಿಸಿಬಿಡಬಹುದು. ಪರೀಕ್ಷೆ ಮುಗಿಯುವವರೆಗೆ ನಿಮ್ಮ ಕೋಡ್ ಇರುವ ಡಿಸ್ಕನ್ನು ಕಳಚಿಡಿ.

ಜೋಗದ ಸಿರಿ

ವೋಲ್ಟೇಜಿನ ಬಗ್ಗೆಯೂ ಯಾರಾದರೂ ಹೇಳಬೇಕು. 2023ರ ಏಪ್ರಿಲಿನಲ್ಲಿ ರೈಜೆನ್ 7000ಎಕ್ಸ್3ಡಿ ಚಿಪ್‌ಗಳು ಸಾಕೆಟ್ಟಿನಲ್ಲೇ ಸುಟ್ಟುಹೋದ ಸುದ್ದಿ ಬಂದಾಗ ಬೆರಳು ಹೋದದ್ದು ಎಸ್‌ಒಸಿ (ಪ್ರೊಸೆಸರಿನಲ್ಲಿ ಮೆಮೊರಿ ಕಂಟ್ರೋಲರ್ ಇರುವ ಭಾಗ) ವೋಲ್ಟೇಜಿನ ಕಡೆಗೆ. ಎಕ್ಸ್‌ಪೋ ಹಚ್ಚಿದಾಗ ಕೆಲವು ಬೋರ್ಡುಗಳು ಅದನ್ನು ತಾವಾಗಿಯೇ ಬಹಳ ಮೇಲಕ್ಕೆ ಒಯ್ಯುತ್ತಿದ್ದವು. ಆಮೇಲೆ ಎಎಂಡಿ ಅದಕ್ಕೆ 1.3 ವೋಲ್ಟಿನ ಮಿತಿ ಹಾಕಿತು. ಹಳೆಯ ಬಯಾಸ್ ಇರುವ ದಾಸ್ತಾನಿನ ಬೋರ್ಡು ನಿಮ್ಮ ಕೈಗೆ ಬಂದರೆ ಎಕ್ಸ್‌ಪೋ ಒತ್ತುವ ಮೊದಲು ಬಯಾಸ್ ಬದಲಿಸಿ. ಅದೂ ಯುಪಿಎಸ್‌ನ ಮೇಲೆ, ಕರೆಂಟು ಹೋಗುವ ಹೊತ್ತನ್ನು ತಪ್ಪಿಸಿ. ಇನ್ನು ವಾರಂಟಿ ಪತ್ರದ ಸಣ್ಣ ಅಕ್ಷರಗಳಲ್ಲಿ ಎಎಂಡಿ ಮೆಮೊರಿಯ ಟೈಮಿಂಗ್ ಬದಲಿಸುವುದನ್ನೂ ಓವರ್‌ಕ್ಲಾಕಿಂಗ್ ಎಂದೇ ಎಣಿಸುತ್ತದೆ. ಎಕ್ಸ್‌ಪೋ ಕೂಡ ಅದರೊಳಗೇ ಬರುತ್ತದೆ.

ಹೊಸ ಸದಸ್ಯ 5700

ಹಿಂದಿನ ಸಾಕೆಟ್ಟಾದ ಎಎಂ4ನಲ್ಲಿ ರೈಜೆನ್ 7 5700ಎಕ್ಸ್3ಡಿ ಇದೆ. ಯಾರೋ ಸ್ಯಾಮ್‌ಸಂಗ್ ಬಿ-ಡೈ ಇರುವ ಹಳೆಯ ಡಿಡಿಆರ್4-3200 ಸಿಎಲ್14 ಕಡ್ಡಿಗಳನ್ನು ಮಾರುತ್ತಿದ್ದಾರೆ. ಕೊಳ್ಳಬಹುದೇ?

ಪೇಟೆಬೀದಿ

ಬಿ-ಡೈ ಡಿಡಿಆರ್4ರ ಕಾಲದ ರಾಜನೇ ಹೌದು, ವೋಲ್ಟೇಜ್ ಕೊಟ್ಟಷ್ಟೂ ಬಿಗಿಯಾಗುತ್ತಿತ್ತು. ಆದರೆ ನಿಮ್ಮ ಪ್ರೊಸೆಸರಿನಲ್ಲಿ 96 ಎಂಬಿ ಎಲ್3 ಕ್ಯಾಶ್ ಇದೆ, ಅದು ಮೆಮೊರಿಯ ಬಳಿಗೆ ಹೋಗುವ ಸಂದರ್ಭಗಳೇ ಕಡಿಮೆ. ಈಗಿರುವ ಕಡ್ಡಿಗಳು 3200 ಸಿಎಲ್16 ಆಗಿದ್ದರೆ ಹಣ ಉಳಿಸಿಕೊಳ್ಳಿ. ಇದೇ ಕಾರಣಕ್ಕೆ 32 ಎಂಬಿ ಕ್ಯಾಶ್ ಇರುವ ಭೀಮಾತೀರ ಅವರ 9700ಎಕ್ಸ್‌ಗೆ ಮೆಮೊರಿಯ ಹದ ಹೆಚ್ಚು ಫಲ ಕೊಡುತ್ತದೆ.

ಭೀಮಾತೀರ

ಎಂಟು ಪದರದ, ಫ್ಲ್ಯಾಶ್‌ಬ್ಯಾಕ್ ಗುಂಡಿಯಿರುವ ಬಿ650 ಬೋರ್ಡು ಮತ್ತು 16 ಜಿಬಿಯ ಎರಡು ಕಡ್ಡಿಗಳ 6000 ಸಿಎಲ್30 ಕಿಟ್ ತಂದು ಜೋಡಿಸಿದ್ದೇನೆ. ಸ್ಟಿಕ್ಕರಿನಲ್ಲಿ 820ಎ ಎಂದೇ ಇದೆ. ಹೊಸ ಬಯಾಸ್ ಹಾಕಿ, ಕಡ್ಡಿಗಳನ್ನು ಪ್ರೊಸೆಸರಿನಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿ ಕೂರಿಸಿ, ಎಕ್ಸ್‌ಪೋ ಹಚ್ಚಿ ಉಳಿಸಿದೆ. ಈಗ ಪರದೆ ಕಪ್ಪಾಗಿದೆ, ಡಿರ್ಯಾಮ್ ದೀಪ ಹಳದಿಯಾಗಿ ಉರಿಯುತ್ತಿದೆ. ವಿದ್ಯುತ್ ತೆಗೆಯಬೇಕೇ?

ಕಪಿಲಾ

ತೆಗೆಯಬೇಡಿ, ಕಾಯಿರಿ. ಹೊಸ ವೇಗಕ್ಕೆ ಮೆಮೊರಿಯನ್ನು ಪಳಗಿಸುವ ಕೆಲಸ ಎಎಂ5ನಲ್ಲಿ ಕೆಲವು ನಿಮಿಷ ಹಿಡಿಯುತ್ತದೆ, ನಡುವೆ ಯಂತ್ರ ತಾನಾಗಿಯೇ ಆರಿ ಹೊತ್ತಿಕೊಳ್ಳಲೂಬಹುದು. ಹದಿನೈದು ನಿಮಿಷವಾದರೂ ದೀಪ ಹಾಗೆಯೇ ಇದ್ದರೆ ಮಾತ್ರ ಸಿಮಾಸ್ ಅಳಿಸಿ ಮತ್ತೆ ಮೊದಲಿನಿಂದ ಶುರುಮಾಡಿ. ಯಂತ್ರ ಎದ್ದ ಮೇಲೆ ಝೆನ್‌ಟೈಮಿಂಗ್ಸ್ ತಂತ್ರಾಂಶ ತೆರೆದು ಎಂಸಿಎಲ್‌ಕೆ (ಮೆಮೊರಿ) ಮತ್ತು ಯುಸಿಎಲ್‌ಕೆ (ಕಂಟ್ರೋಲರ್) ಎರಡೂ 3000, ಎಫ್‌ಸಿಎಲ್‌ಕೆ (ಫ್ಯಾಬ್ರಿಕ್) 2000 ಇವೆಯೇ, ಎಸ್‌ಒಸಿ ವೋಲ್ಟೇಜ್ 1.25ರ ಒಳಗಿದೆಯೇ ನೋಡಿ ಚಿತ್ರ ಹಾಕಿ. ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್ ಆಯ್ಕೆಯನ್ನು ಈಗಲೇ ಹಚ್ಚಬೇಡಿ. ಅದರಿಂದ ಬೂಟ್ ಬೇಗವಾಗುತ್ತದೆ ನಿಜ, ಆದರೆ ಟೈಮಿಂಗ್ ಹದ ಮಾಡುವ ದಿನಗಳಲ್ಲಿ ಹಳೆಯ ಪಳಗಿಕೆಯನ್ನೇ ಹಿಡಿದುಕೊಂಡು ಇಲ್ಲದ ದೋಷ ತೋರಿಸುತ್ತದೆ. ಟಿಆರ್‌ಎಫ್‌ಸಿ, ಟಿಆರ್‌ಇಎಫ್‌ಐ ಮುಟ್ಟುವುದು ಎಕ್ಸ್‌ಪೋ ಒಂದು ರಾತ್ರಿ ತಪ್ಪಿಲ್ಲದೆ ಓಡಿದ ಮೇಲೆ, ಒಂದು ಸಲಕ್ಕೆ ಒಂದೇ ಸಂಖ್ಯೆ.

ಭೀಮಾತೀರ

ಎದ್ದಿತು. ಯುಸಿಎಲ್‌ಕೆ 3000, ಎಫ್‌ಸಿಎಲ್‌ಕೆ 2000, ಎಸ್‌ಒಸಿ 1.2 ವೋಲ್ಟ್ ತೋರಿಸುತ್ತಿದೆ. ಮೆಮ್‌ಟೆಸ್ಟ್86 ಹಾಕಿ ಮಲಗುತ್ತೇನೆ. ಕೋಡ್ ಇರುವ ಡಿಸ್ಕನ್ನು ಕಳಚಿಟ್ಟಿದ್ದೇನೆ.